ಮಳೆಗೆ ಮೊದಲೇ ಹೊರಟವರು

ಬಳ್ಳಾರಿಯ ಪಾರ್ವತಿನಗರದಲ್ಲಿ ಮಳೆಗೆ ಮುಂಚೆ ಕಾಂಪೌಂಡ್ ಗೋಡೆಯ ಬುಡ ನೋಡಬೇಕು. ಇರುವೆಗಳ ಸಾಲು, ಒಂದೊಂದರ ಬಾಯಲ್ಲೂ ಅಕ್ಕಿನುಚ್ಚಿನಂಥ ಬಿಳಿ ಹೊರೆ. ಮೊಟ್ಟೆ, ಮರಿಹುಳು, ಕೋಶ ಎಲ್ಲವೂ ಎತ್ತರಕ್ಕೆ. ಕೆಳಗೆ ಬಿದ್ದದ್ದನ್ನು ಇನ್ನೊಂದು ಬಂದು ಎತ್ತಿಕೊಳ್ಳುತ್ತದೆ. ಈ ಕಾಳಜಿಗೆ ನಾನು ಮನಸೋತಿದ್ದೇನೆ.

ಇರುವೆಯ ಕುಡಿಮೀಸೆ ಗಾಳಿಯ ತೇವ ಗ್ರಹಿಸುತ್ತದೆ, ಕಾಲೊಳಗಿನ ಪುಟ್ಟ ಅಂಗ ನೆಲದ ಕಂಪನ ಹಿಡಿಯುತ್ತದೆ. ಇರುವೆ ಮೇಲೇರಿದರೆ ಮಳೆ ಎನ್ನುವ ನಮ್ಮ ರೈತರ ನಂಬಿಕೆ ಬರಿಗಣ್ಣಿನ ಗಮನದಿಂದ ಹುಟ್ಟಿದ್ದು. ಹಾಗೆಂದು 2009ರ ಅಕ್ಟೋಬರಿನಲ್ಲಿ ಸಿರುಗುಪ್ಪ ಸೀಮೆಗೆ ನುಗ್ಗಿದಂಥ ನೆರೆಗೆ ಇರುವೆಯನ್ನಷ್ಟೇ ನಂಬಿ ಕೂರಲಾಗದು. ಎಲ್ಲೋ ಮೇಲೆ ಸುರಿದ ಮಳೆ ಅದಕ್ಕೇನು ಗೊತ್ತು?

ಪ್ರಾಣಿಗಳು ಭೂಕಂಪವನ್ನು ಮೊದಲೇ ಅರಿಯುತ್ತವೆ ಎನ್ನುವ ಮಾತು ಬೇರೆ. ನೆಲ ನಡುಗುವಾಗ ಮೊದಲು ಬರುವ ‘ಪಿ’ ಎಂಬ ಕಂಪನದ ಅಲೆ ವೇಗದ್ದು, ಆದರೆ ದುರ್ಬಲ. ನಮಗೆ ತಿಳಿಯದ ಅದು ನಾಯಿಗೆ ತಿಳಿದೀತು, ಆದರೆ ಸಿಗುವುದು ಕೆಲವೇ ಸೆಕೆಂಡು. ಗಂಟೆಗಳ ಮುಂಚೆ? ವಿಜ್ಞಾನಿ ಮಾರ್ಟಿನ್ ವಿಕೆಲ್ಸ್ಕಿ ಅವರ ತಂಡ 2016-17ರಲ್ಲಿ ಇಟಲಿಯ ಹಸು, ಕುರಿ, ನಾಯಿಗಳಿಗೆ ಸೆನ್ಸರ್ ಕಟ್ಟಿತು. ಕೊಟ್ಟಿಗೆಯಲ್ಲಿದ್ದಾಗ ಕಂಪನಕ್ಕೆ ಮೊದಲು ಅವುಗಳ ಚಡಪಡಿಕೆ ಹೆಚ್ಚಿತ್ತೆಂದು ಅವರು ವರದಿ ಮಾಡಿದರು. ಒಪ್ಪದ ವಿಜ್ಞಾನಿಗಳೂ ಇದ್ದಾರೆ.