ಇಬ್ಬರು ಕಸುಬುದಾರರು

ಟೆನಿಸ್ ನೋಡೋ ನಾಲ್ಕು ಜನ ಸೇರಿದ ಕಡೆ ಫೆಡರರ್-ನಡಾಲ್ ಮಾತು ಬಂದೇ ಬರುತ್ತೆ. ಬಂದ ಎರಡೇ ನಿಮಿಷಕ್ಕೆ ಯಾರೋ ಒಬ್ಬರು ಆ ಹಳೇ ವಾಕ್ಯ ಹೇಳ್ತಾರೆ: "ಫೆಡರರ್ ಹುಟ್ಟು ಕಲಾವಿದ, ನಡಾಲ್ ಕಷ್ಟಪಟ್ಟು ಮೇಲೆ ಬಂದವನು." ಉಳಿದವರು ತಲೆಯಾಡಿಸ್ತಾರೆ. ಒಬ್ಬ ಪಿಟೀಲು ನುಡಿಸಿದ ಹಾಗೆ ಆಡ್ತಾನೆ, ಇನ್ನೊಬ್ಬ ಸೌದೆ ಒಡೆದ ಹಾಗೆ. ಒಬ್ಬನಿಗೆ ಬೆವರೇ ಬರಲ್ಲ, ಇನ್ನೊಬ್ಬನ ಅಂಗಿ ಹಿಂಡಿದರೆ ಬಕೆಟ್ ತುಂಬುತ್ತೆ. ಕೇಳೋಕೆ ಚೆನ್ನಾಗಿದೆ. ಹೇಳಿದವರಿಗೂ ಏನೋ ಆಳವಾದ್ದು ಹೇಳಿದ ಸಮಾಧಾನ.

ನನ್ನ ತಕರಾರು ಈ ವಾಕ್ಯದ ಮೇಲೆ. ಇದು ಬರೀ ಅಭಿಮಾನಿಗಳ ಹರಟೆ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಪತ್ರಿಕೆಗಳು, ಕಾಮೆಂಟರಿ, ಜಾಹೀರಾತು ಎಲ್ಲವೂ ಸೇರಿ ಇಪ್ಪತ್ತು ವರ್ಷ ಇದನ್ನೇ ಅರೆದು ಕುಡಿಸಿವೆ. ಈ ಇಬ್ಬರು ಆಡಿದ 40 ಪಂದ್ಯಗಳಲ್ಲಿ ಅತಿ ದೊಡ್ಡದು ಅಂತ ಬಹುತೇಕ ಎಲ್ಲರೂ ಒಪ್ಪುವ 2008ರ ವಿಂಬಲ್ಡನ್ ಫೈನಲ್ ಇದೆಯಲ್ಲ, ಅದನ್ನ ಹೈಲೈಟ್ಸ್ ಬಿಟ್ಟು ಪೂರ್ತಿ ನೋಡಿ. ಈ ವಾಕ್ಯ ಅಲ್ಲಿ ನಿಲ್ಲೋದೇ ಇಲ್ಲ.

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. 2008ರ ಜುಲೈ 6, ಭಾನುವಾರ. ಫೆಡರರ್ 2003ರಿಂದ 2007ರವರೆಗೆ ಸತತ ಐದು ಸಲ ವಿಂಬಲ್ಡನ್ ಗೆದ್ದವನು. ಹುಲ್ಲಿನ ಅಂಕಣದಲ್ಲಿ ಸತತ 65 ಪಂದ್ಯ ಸೋತಿರಲಿಲ್ಲ. ನಡಾಲ್ ಅದೇ ಅಂಕಣದಲ್ಲಿ 2006 ಮತ್ತು 2007ರ ಫೈನಲ್‌ಗಳನ್ನ ಅವನಿಗೇ ಸೋತಿದ್ದ. ಆದರೆ ನಾಲ್ಕು ವಾರದ ಹಿಂದೆ ಪ್ಯಾರಿಸ್ಸಿನ ಮಣ್ಣಿನ ಅಂಕಣದಲ್ಲಿ ಫೆಡರರ್‌ನನ್ನ 6-1, 6-3, 6-0ರಿಂದ ಸೋಲಿಸಿ ಬಂದಿದ್ದ. ಅದು ಸೋಲಲ್ಲ, ಚಚ್ಚಿಹಾಕಿದ್ದು. ಹಾಗಾಗಿ ಲಂಡನ್ನಿನಲ್ಲಿ ಎಲ್ಲರಿಗೂ ಇದ್ದದ್ದು ಒಂದೇ ಪ್ರಶ್ನೆ: ಹುಲ್ಲಿನ ರಾಜನ ಮನೆಗೇ ನುಗ್ಗಿ ಈ ಹುಡುಗ ಗೆಲ್ತಾನಾ?

ಆ ದಿನ ಅಂಕಣಕ್ಕೆ ಬಂದ ಇಬ್ಬರ ಬಟ್ಟೆ ನೋಡಿದರೇ ಕತೆ ಅರ್ಧ ಬರೆದಿಟ್ಟಂತಿತ್ತು. ಫೆಡರರ್ ಮೈಮೇಲೆ ಅವನದೇ ಹೆಸರಿನ ಮೊದಲಕ್ಷರಗಳಿದ್ದ ಕೆನೆಬಣ್ಣದ ಕಾರ್ಡಿಗನ್. ನಡಾಲ್ ತೋಳಿಲ್ಲದ ಅಂಗಿ, ಮೊಣಕಾಲು ದಾಟಿದ ಚಡ್ಡಿ, ಉಬ್ಬಿದ ರಟ್ಟೆ. ಒಬ್ಬ ಯಜಮಾನ, ಇನ್ನೊಬ್ಬ ಆಳು. ಬಟ್ಟೆ ಕಂಪನಿ ಹೊಲಿದುಕೊಟ್ಟ ಈ ವೇಷವನ್ನ ನಾವು ಅವರ ಸ್ವಭಾವ ಅಂದುಕೊಂಡೆವು.

ನಿಜ ಏನು ಗೊತ್ತಾ? ನಡಾಲ್ ಬಡವರ ಮನೆಯ ಹುಡುಗನೇ ಅಲ್ಲ. ಮಯೋರ್ಕಾ ದ್ವೀಪದ ಮನಕೋರ್ ಊರಿನವನು. ಅಪ್ಪ ವ್ಯಾಪಾರಸ್ಥ. ಚಿಕ್ಕಪ್ಪ ಮಿಗೆಲ್ ಆಂಖೆಲ್ ಬಾರ್ಸಿಲೋನಾ ತಂಡಕ್ಕೆ ಫುಟ್ಬಾಲ್ ಆಡಿದವನು. ಇನ್ನೊಬ್ಬ ಚಿಕ್ಕಪ್ಪ ಟೋನಿಯೇ ಕೋಚ್. ಫೆಡರರ್ ಏನು ಅರಮನೆಯಲ್ಲಿ ಹುಟ್ಟಿದವನಾ? ಅವನ ಅಪ್ಪ ಅಮ್ಮ ಇಬ್ಬರೂ ಔಷಧ ಕಂಪನಿಯ ನೌಕರರು, ನಮ್ಮ ನಿಮ್ಮ ಹಾಗೆ ಸಂಬಳದ ಜನ. ಹುಡುಗನಾಗಿದ್ದಾಗ ಸಿಟ್ಟು ಬಂದರೆ ರಾಕೆಟ್ ಎಸೆಯುತ್ತಿದ್ದ. 2001ರಲ್ಲಿ ಹ್ಯಾಂಬರ್ಗ್‌ನಲ್ಲಿ ಸೋತು ರಾಕೆಟ್ ಮುರಿದ ಮೇಲೆ ಇನ್ನು ಸಾಕು ಅಂತ ತನ್ನನ್ನ ತಿದ್ದಿಕೊಂಡ. ಪಿಯರ್ ಪಗನೀನಿ ಅನ್ನೋ ಫಿಟ್ನೆಸ್ ಕೋಚ್ ಜೊತೆ ವರ್ಷಗಟ್ಟಲೆ ಮೈ ಹುರಿಗಟ್ಟಿಸಿದ. ದುಬೈನ ಬಿಸಿಲಲ್ಲಿ ಅಭ್ಯಾಸ ಮಾಡಿದ. ನಾವು "ಸಹಜ" ಅನ್ನೋ ಆ ಶಾಂತಮುಖ ಕೂಡ ಕಲಿತು ತಂದದ್ದು.

ಈಗ ಆಟಕ್ಕೆ ಬರೋಣ. ಮೊದಲ ಎರಡು ಸೆಟ್ ನಡಾಲ್‌ಗೆ, 6-4, 6-4. ಎರಡನೇ ಸೆಟ್‌ನಲ್ಲಿ ಫೆಡರರ್ 4-1 ಮುಂದಿದ್ದ. ಅಲ್ಲಿಂದ ನಡಾಲ್ ಸತತ ಐದು ಗೇಮ್ ಗೆದ್ದ. ಇದನ್ನ "ಹೋರಾಟ", "ಛಲ" ಅಂತ ಕರೆದು ಮುಗಿಸಿಬಿಡ್ತಾರೆ. ಚೆಂಡು ಎಲ್ಲಿ ಬೀಳ್ತಿದೆ ಅಂತ ನೋಡಿ. ಬಲಗೈಯಲ್ಲಿ ಬರೆಯುವ ನಡಾಲ್ ಟೆನಿಸ್ ಆಡೋದು ಎಡಗೈಯಲ್ಲಿ. ಅವನ ಫೋರ್‌ಹ್ಯಾಂಡ್ ಓರೆಯಾಗಿ ಹೋದರೆ ನೇರ ತಲುಪೋದು ಫೆಡರರ್‌ನ ಒಂಟಿಗೈ ಬ್ಯಾಕ್‌ಹ್ಯಾಂಡಿಗೆ. ಅದರ ಮೇಲೆ ವಿಪರೀತ ಟಾಪ್‌ಸ್ಪಿನ್. ನೆಲಕ್ಕೆ ಬಿದ್ದ ಚೆಂಡು ಹೆಗಲೆತ್ತರಕ್ಕೆ ಜಿಗಿಯುತ್ತೆ. ಒಂಟಿಗೈಯಲ್ಲಿ ಹೆಗಲೆತ್ತರದ ಚೆಂಡು ಹೊಡೆಯೋದು ಬಹಳ ಕಷ್ಟ. ಸರ್ವ್ ಕೂಡ ಹೆಚ್ಚಾಗಿ ಅಲ್ಲಿಗೇ. ಅಂದ್ರೆ ಜಗತ್ತಿನ ಅತ್ಯುತ್ತಮ ಆಟಗಾರನ ಆಟದಲ್ಲಿ ಒಂದೇ ಒಂದು ಬಿರುಕು ಹುಡುಕಿ, ಅಲ್ಲಿಗೇ ನೀರು ಬಿಡ್ತಾ ಹೋಗೋದು. ಇದು ಸೌದೆ ಒಡೆಯೋ ಕೆಲಸ ಅಲ್ಲ, ನಕ್ಷೆ ಹಾಕಿ ಮಾಡಿದ ಕೆಲಸ. ಲೆಕ್ಕ ಕೇಳಿ: ಆ ಇಡೀ ಪಂದ್ಯದಲ್ಲಿ ಫೆಡರರ್‌ಗೆ 13 ಬ್ರೇಕ್ ಪಾಯಿಂಟ್ ಸಿಕ್ಕಿದವು, ಗೆದ್ದದ್ದು ಒಂದೇ. ನಡಾಲ್‌ಗೂ 13, ಗೆದ್ದದ್ದು ನಾಲ್ಕು. ಇಕ್ಕಟ್ಟಿನ ಹೊತ್ತಲ್ಲಿ ಹನ್ನೆರಡು ಸಲ ಬಚಾವಾಗೋದು ಬರೀ ರಟ್ಟೆಯಿಂದ ಆಗೋದಲ್ಲ.

ಮೂರನೇ ಸೆಟ್ ಮಧ್ಯೆ ಮಳೆ ಬಂತು. ಸೆಂಟರ್ ಕೋರ್ಟ್‌ಗೆ ಮಾಡು ಬಂದದ್ದು ಮರುವರ್ಷ, ಹಾಗಾಗಿ ಎಲ್ಲರೂ ಒಳಗೆ ಹೋಗಿ ಕೂತರು. ಮಳೆ ನಿಂತ ಮೇಲೆ ವಾಪಸ್ ಬಂದ ಫೆಡರರ್‌ನನ್ನ ಗಮನಿಸಿ. ಎರಡು ಸೆಟ್ ಹಿಂದಿದ್ದಾನೆ, ತನ್ನ ಪಟ್ಟ ಕೈಜಾರ್ತಾ ಇದೆ. ಕಲೆ ಗಿಲೆ ಎಲ್ಲ ಪಕ್ಕಕ್ಕಿಟ್ಟು ಅವನು ಹಲ್ಲು ಕಚ್ಚಿ ಸರ್ವ್ ಮಾಡಿದ. ಮೂರನೇ ಸೆಟ್ ಟೈಬ್ರೇಕ್‌ನಲ್ಲಿ ಗೆದ್ದ. ನಾಲ್ಕನೆಯದೂ ಟೈಬ್ರೇಕ್‌ಗೆ ಹೋಯ್ತು. ಅಲ್ಲಿ ನಡಾಲ್ 5-2 ಮುಂದೆ, ಸರ್ವ್ ಕೂಡ ಅವನದೇ. ಇನ್ನೆರಡು ಪಾಯಿಂಟ್ ಸಾಕು. "ಕಲ್ಲಿನಂಥ ಮನಸ್ಸು" ಅಂತ ನಾವು ಹಾಡಿ ಹೊಗಳೋ ಆ ನಡಾಲ್ ಅಲ್ಲಿ ಡಬಲ್ ಫಾಲ್ಟ್ ಮಾಡಿದ! ಮುಂದಿನ ಚೆಂಡು ನೆಟ್‌ಗೆ. ಕೈ ನಡುಗಿದ್ದು ದುಡಿಮೆಗಾರನದು, ಗಟ್ಟಿಯಾಗಿ ನಿಂತದ್ದು ಕಲಾವಿದ.

ಆಮೇಲೆ ಬಂದ ಎರಡು ಹೊಡೆತಗಳನ್ನ ಟೆನಿಸ್ ಜನ ಇವತ್ತಿಗೂ ಮರೆತಿಲ್ಲ. 7-7ರಲ್ಲಿ ಫೆಡರರ್ ಚೆಂಡನ್ನ ಮೂಲೆಗೆ ಅಟ್ಟಿ ನೆಟ್ ಹತ್ತಿರ ಬಂದ. ನಡಾಲ್ ಓಡ್ತಾ ಓಡ್ತಾ ಗೆರೆ ಪಕ್ಕದಲ್ಲೇ ಫೋರ್‌ಹ್ಯಾಂಡ್ ಬಿಟ್ಟ. ಅದು ಪಿಟೀಲಲ್ಲದೆ ಮತ್ತೇನು? ಈಗ 8-7, ಮತ್ತೆ ಚಾಂಪಿಯನ್‌ಶಿಪ್ ಪಾಯಿಂಟ್, ಸರ್ವ್ ನಡಾಲ್‌ದು. ಅವನು ತನ್ನ ಪ್ಲಾನ್ ಪ್ರಕಾರವೇ ಫೆಡರರ್‌ನ ಬ್ಯಾಕ್‌ಹ್ಯಾಂಡಿಗೆ ಹೊಡೆದು ಮುಂದೆ ಬಂದ. ದಿನವಿಡೀ ಏಟು ತಿಂದಿದ್ದ ಅದೇ ಬ್ಯಾಕ್‌ಹ್ಯಾಂಡ್‌ನಿಂದ ಫೆಡರರ್ ಗೆರೆಗುಂಟ ಚೆಂಡು ದಾಟಿಸಿದ. ಟೈಬ್ರೇಕ್ 10-8. ಎರಡು ಸೆಟ್ ಸಮ.

ಐದನೇ ಸೆಟ್‌ನಲ್ಲೂ ಮಳೆ, ಆಮೇಲೆ ಕತ್ತಲು. ಆಗ ಕೊನೇ ಸೆಟ್‌ಗೆ ಟೈಬ್ರೇಕ್ ಇರಲಿಲ್ಲ, ಎರಡು ಗೇಮ್ ಅಂತರ ಬೇಕಿತ್ತು. 7-7ರಲ್ಲಿ ಕೊನೆಗೂ ನಡಾಲ್ ಫೆಡರರ್‌ನ ಸರ್ವ್ ಮುರಿದ. ಮುಂದಿನ ಗೇಮ್‌ನಲ್ಲಿ ಇನ್ನೊಂದು ಚಾಂಪಿಯನ್‌ಶಿಪ್ ಪಾಯಿಂಟ್ ಬಂದಾಗ ಫೆಡರರ್ ಅದನ್ನೂ ಬ್ಯಾಕ್‌ಹ್ಯಾಂಡ್ ರಿಟರ್ನ್‌ನಿಂದಲೇ ಉಳಿಸಿಕೊಂಡ. ಕೊನೆಗೆ ನೆಟ್‌ಗೆ ಹೋಗಿ ಬಿದ್ದದ್ದು ಅವನ ಫೋರ್‌ಹ್ಯಾಂಡ್. ಜಗತ್ತೇ ಕಲೆ ಅಂತ ಕರೆದಿದ್ದ ಆ ಫೋರ್‌ಹ್ಯಾಂಡ್! ದುರ್ಬಲ ಅಂದುಕೊಂಡ ಕೈ ಕೊನೇತನಕ ಕಾಪಾಡಿತು, ಬಲ ಅಂದುಕೊಂಡದ್ದು ಕೈಕೊಟ್ಟಿತು. 9-7. ಒಟ್ಟು 4 ಗಂಟೆ 48 ನಿಮಿಷ. ನಡಾಲ್ ಗೆದ್ದ ಪಾಯಿಂಟ್ 209, ಫೆಡರರ್ 204. ಐದೇ ಐದು ಪಾಯಿಂಟ್ ಫರಕು.

ಹಾಗಾದ್ರೆ ಇಬ್ಬರ ಮಧ್ಯೆ ವ್ಯತ್ಯಾಸವೇ ಇಲ್ವಾ? ಖಂಡಿತ ಇದೆ. ಅಂದು ಫೆಡರರ್ 25 ಏಸ್ ಹೊಡೆದ, ನಡಾಲ್ 6. ಫೆಡರರ್ 89 ವಿನ್ನರ್ ಹೊಡೆದು 52 ತಪ್ಪು ಮಾಡಿದ. ನಡಾಲ್ 60 ವಿನ್ನರ್, 27 ತಪ್ಪು. ಈ ಅಂಕಿಗಳು ಹೇಳೋದು ಪ್ರತಿಭೆ ಯಾರಿಗೆ, ಪರಿಶ್ರಮ ಯಾರದು ಅಂತ ಅಲ್ಲ. ಯಾರು ಎಷ್ಟು ರಿಸ್ಕ್ ತಗೊಂಡ್ರು ಅಂತ. ಒಬ್ಬ ಬೇಗ ಮುಗಿಸೋಕೆ ನೋಡ್ತಾನೆ, ಅದಕ್ಕೆ ಬೆಲೆಯೂ ಕೊಡ್ತಾನೆ. ಇನ್ನೊಬ್ಬ ಕಾಯ್ತಾನೆ, ಎದುರಿನವನ ಕೈಯಲ್ಲಿ ತಪ್ಪು ಮಾಡಿಸ್ತಾನೆ. ಎರಡೂ ಯೋಚನೆಯೇ, ಎರಡೂ ಬೆವರೇ. ನಾವು ಮಾತ್ರ ಒಬ್ಬನಲ್ಲಿ ಬೆವರು ನೋಡಲಿಲ್ಲ, ಇನ್ನೊಬ್ಬನಲ್ಲಿ ಬುದ್ಧಿ ನೋಡಲಿಲ್ಲ.

ಟೆನಿಸ್ ವಿಷಯಕ್ಕೆ ಇಷ್ಟು ತಲೆ ಯಾಕೆ ಕೆಡಿಸ್ಕೋತೀಯ ಅಂತ ಕೇಳಬಹುದು. ಕಾರಣ ಇದೆ. ಈ ಎರಡು ಚೀಟಿಗಳನ್ನ ನಮ್ಮ ಆಫೀಸುಗಳಲ್ಲೂ ಹಂಚ್ತಾರೆ. ಒಬ್ಬನಿಗೆ "ಬ್ರಿಲಿಯಂಟ್", ಇನ್ನೊಬ್ಬನಿಗೆ "ಹಾರ್ಡ್‌ವರ್ಕಿಂಗ್". ಅಪ್ರೈಸಲ್ ಫಾರಂನಲ್ಲಿ ಎರಡೂ ಹೊಗಳಿಕೆಯೇ. ಆದರೆ ಹೊಸ ಪ್ರಾಜೆಕ್ಟಿನ ಡಿಸೈನ್ ಯಾರಿಗೆ ಹೋಗುತ್ತೆ, ಭಾನುವಾರದ ಸಪೋರ್ಟ್ ಯಾರಿಗೆ ಬೀಳುತ್ತೆ ಅಂತ ನೋಡಿ, ಗೊತ್ತಾಗುತ್ತೆ. ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ, ರಾತ್ರಿಯಿಡೀ ಓಡ್ತಿದ್ದ ಒಂದು ಬ್ಯಾಚ್ ಜಾಬನ್ನ ಪೂರ್ತಿ ಬಿಚ್ಚಿ ಬೇರೆ ರೀತಿ ಕಟ್ಟಿ ನಲವತ್ತು ನಿಮಿಷಕ್ಕೆ ಇಳಿಸಿದ್ದೆ. ಮ್ಯಾನೇಜರ್ ಮೀಟಿಂಗಲ್ಲಿ ಹೇಳಿದ್ದು, "ಪಾಪ, ಎರಡು ವಾರ ಮನೆಗೇ ಹೋಗಿಲ್ಲ ಇವನು." ಯೋಚನೆ ಮಾಡಿದ್ದು ಯಾರಿಗೂ ಕಾಣಲಿಲ್ಲ, ನಿದ್ದೆಗೆಟ್ಟದ್ದು ಕಾಣಿಸ್ತು. ಹಳ್ಳಿಯಿಂದ ಬಂದವನು, ಇಂಗ್ಲಿಷ್ ತಡವರಿಸ್ತಾನೆ ಅಂದರೆ ಅವನು ಕಷ್ಟಜೀವಿಯೇ ಆಗಿರಬೇಕು ಅನ್ನೋ ಲೆಕ್ಕ. ಪಕ್ಕದ ಸೀಟಿನ "ಬ್ರಿಲಿಯಂಟ್" ಗೆಳೆಯನಿಗೆ ಹತ್ತನೇ ವಯಸ್ಸಿಗೇ ಮನೆಯಲ್ಲಿ ಕಂಪ್ಯೂಟರ್ ಇತ್ತು. ನನಗೆ ಕೀಬೋರ್ಡ್ ಮೊದಲು ಮುಟ್ಟೋಕೆ ಸಿಕ್ಕಿದ್ದು ಬಿಇ ಮೊದಲ ಸೆಮಿಸ್ಟರ್‌ನಲ್ಲಿ. ಅವನೂ ಕಷ್ಟಪಟ್ಟವನೇ, ಆದರೆ ಆ ಕಷ್ಟ ಆಫೀಸಿಗೆ ಬರೋ ಮೊದಲೇ ಆಗಿಹೋಗಿತ್ತು, ಯಾರೂ ನೋಡಿರಲಿಲ್ಲ. ಕಣ್ಣಿಗೆ ಬೀಳದೆ ಆದ ದುಡಿಮೆಗೆ ನಾವು ಪ್ರತಿಭೆ ಅಂತ ಹೆಸರಿಟ್ಟಿದ್ದೀವಿ.

ಫೆಡರರ್ ವಿಷಯದಲ್ಲಿ ಇದಕ್ಕೆ ಸಾಕ್ಷಿ 2017ರ ಆಸ್ಟ್ರೇಲಿಯನ್ ಓಪನ್ ಫೈನಲ್. 2007ರ ವಿಂಬಲ್ಡನ್ ಆದಮೇಲೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಅವನು ನಡಾಲ್‌ನನ್ನ ಸೋಲಿಸಿರಲಿಲ್ಲ. ಅಷ್ಟರಲ್ಲಿ ದೊಡ್ಡ ತಲೆಯ ರಾಕೆಟ್‌ಗೆ ಬದಲಾಗಿದ್ದ. ಮೊಣಕಾಲು ನೋವಿಗೆ ಆರು ತಿಂಗಳು ಆಟ ಬಿಟ್ಟು 35ನೇ ವಯಸ್ಸಿಗೆ ವಾಪಸ್ ಬಂದ. ಐದನೇ ಸೆಟ್‌ನಲ್ಲಿ 1-3 ಹಿಂದಿದ್ದವನು ಸತತ ಐದು ಗೇಮ್ ಗೆದ್ದು ಮುಗಿಸಿದ. ಗೆಲ್ಲಿಸಿದ್ದು ಯಾವುದು? ಅದೇ ಬ್ಯಾಕ್‌ಹ್ಯಾಂಡ್. ಚೆಂಡು ಹೆಗಲಿಗೆ ಏರೋ ಮೊದಲೇ ಮುಂದೆ ಹೆಜ್ಜೆಯಿಟ್ಟು ಹೊಡೆದ. ಒಬ್ಬ ಎದುರಾಳಿ ವರ್ಷಗಟ್ಟಲೆ ಒಂದೇ ಜಾಗ ತೋರಿಸಿ "ಇಲ್ಲಿ ಸರಿಯಿಲ್ಲ" ಅಂತ ಹೇಳ್ತಾ ಬಂದ, ಇವನು ಕೊನೆಗೆ ಅದನ್ನ ರಿಪೇರಿ ಮಾಡಿದ. ಫೆಡರರ್‌ಗೆ ಸಿಕ್ಕ ಅತ್ಯುತ್ತಮ ವಿಮರ್ಶಕ ನಡಾಲ್. ಅವನನ್ನ ಹೊಗಳಿದ ನಮ್ಮಂಥವರಿಂದ ಅವನ ಆಟಕ್ಕೆ ಏನೂ ಉಪಯೋಗ ಆಗಲಿಲ್ಲ.

2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವಿ ಸಮಾರಂಭದಲ್ಲಿ ಫೆಡರರ್ ಇದನ್ನೇ ಹೇಳಿದ. ಸಲೀಸು ಅನ್ನೋದೊಂದು ಕಟ್ಟುಕತೆ, ಸಲೀಸಾಗಿ ಕಾಣೋಕೆ ತಾನು ಬಹಳ ಕಷ್ಟಪಡಬೇಕಾಯ್ತು ಅಂತ. ತಾನು ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಹೆಚ್ಚುಕಡಿಮೆ ಶೇಕಡ 80 ಗೆದ್ದರೂ, ಪಾಯಿಂಟ್ ಲೆಕ್ಕದಲ್ಲಿ ಗೆದ್ದದ್ದು ಶೇಕಡ 54 ಮಾತ್ರ ಅಂತಲೂ ಹೇಳಿದ. ಹೊಗಳಿಕೆಯಲ್ಲೇ ಅವಮಾನ ಇತ್ತು ಅಂತ ಅವನಿಗೂ ಅನಿಸಿರಬೇಕು. ನಡಾಲ್‌ಗೆ "ಕಷ್ಟಜೀವಿ" ಅಂದಾಗ ಅವನ ಬುದ್ಧಿ ಕಳೆದ ಹಾಗೆ, ಇವನಿಗೆ "ಹುಟ್ಟು ಕಲಾವಿದ" ಅಂದಾಗ ಇವನ ದುಡಿಮೆ ಕಳೆದುಬಿಟ್ಟಿದ್ದೆವು.

ನಮ್ಮ ಕಡೆ ಹಳ್ಳಿಗಳಲ್ಲಿ ಇದಕ್ಕೊಂದು ಒಳ್ಳೇ ಪದ ಇದೆ: ಕಸುಬುದಾರ. ಉಳುವಾಗ ಸಾಲು ನೇರ ಬರೋಕೆ ರಟ್ಟೆ ಬಲ ಸಾಲದು. ಎತ್ತಿನ ನಡಿಗೆ, ಮಣ್ಣಿನ ಹದ, ನೇಗಿಲ ಮೇಲೆ ಎಷ್ಟು ಭಾರ ಬಿಡಬೇಕು ಅನ್ನೋ ಅಂದಾಜು ಎಲ್ಲ ಬೇಕು. ಹಾಗೆ ಉಳುವವನನ್ನ ನೋಡಿ ಯಾರೂ ಇವನು ಪ್ರತಿಭಾವಂತನೋ ಕಷ್ಟಜೀವಿಯೋ ಅಂತ ಕೇಳಲ್ಲ. ಕಸುಬುದಾರ ಅಂತಾರೆ, ಅಷ್ಟೇ. ಅದರಲ್ಲಿ ತಲೆಯೂ ಬಂತು, ಕೈಯೂ ಬಂತು.

2022ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಲೇವರ್ ಕಪ್‌ನಲ್ಲಿ ಫೆಡರರ್ ಕೊನೇ ಸಲ ಆಡಿದ್ದು ನಡಾಲ್ ಜೊತೆ, ಡಬಲ್ಸ್. ಸೋತರು. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ಅತ್ತರು. ಎದುರಾಳಿ ಹೋಗ್ತಾನೆ ಅಂತ ಇನ್ನೊಬ್ಬ ಹೀಗೆ ಅಳಬೇಕಾದರೆ, ಆ ಕೆಲಸ ಎಷ್ಟು ಕಷ್ಟದ್ದು ಅಂತ ಪೂರ್ತಿ ಗೊತ್ತಿದ್ದವರು ಅವರಿಬ್ಬರೇ ಇರಬೇಕು. ಮುಂದಿನ ಸಲ ಯಾರಾದರೂ ಪಿಟೀಲು, ಸೌದೆ ಅಂತ ಶುರು ಮಾಡಿದರೆ 2008ರ ಆ ನಾಲ್ಕನೇ ಸೆಟ್ಟಿನ ಟೈಬ್ರೇಕ್ ಹಾಕಿ ತೋರಿಸಿ. ಯಾರ ಕೈಲಿ ಪಿಟೀಲಿತ್ತು, ಯಾರ ಕೈಲಿ ಕೊಡಲಿ ಇತ್ತು ಅಂತ ಅವರೇ ಹೇಳಲಿ.