ಗಣಿತಸಾರಸಂಗ್ರಹದ ಒಂದು ಸಂಖ್ಯೆ: ೧೨೩೪೫೬೫೪೩೨೧

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ೧೯೧೨ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. ಅದರ ಗುಣಾಕಾರ ಪ್ರಕರಣದಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳು ಕೆಲವಿವೆ; ಆಚಾರ್ಯನು ಇಂಥವನ್ನು ಕಂಠಾಭರಣಕ್ಕೆ ಹೋಲಿಸುತ್ತಾನೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದಾಗ ಬರುವ ೧೨೩೪೫೬೫೪೩೨೧ ಇವುಗಳಲ್ಲೊಂದು.

ಈ ಉದಾಹರಣೆಯನ್ನು ಕೆಲವರು ಬರಿಯ ವಿನೋದವೆಂದು ಬದಿಗಿಡುತ್ತಾರೆ. ಮತ್ತೆ ಕೆಲವರು ಆಧುನಿಕ ಸಂಖ್ಯಾಶಾಸ್ತ್ರವೆಲ್ಲವೂ ಇದರಲ್ಲಿ ಅಡಗಿದೆಯೆಂದು ಹೊಗಳುತ್ತಾರೆ. ಸಂಖ್ಯೆಯನ್ನೇ ಪರೀಕ್ಷಿಸಿದರೆ ಈ ಎರಡು ಅಭಿಪ್ರಾಯಗಳೂ ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ.

ಮೊದಲು ಅದರ ರೂಪ. ಇದು ೧೧೧೧೧೧ರ ವರ್ಗ. ಗುಣಿಸುವಾಗ ಆರು ಒಂದುಗಳ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಅವುಗಳ ಮೊತ್ತ ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುತ್ತದೆ. ಯಾವ ಸ್ಥಾನದಲ್ಲಿಯೂ ಮೊತ್ತವು ಹತ್ತನ್ನು ಮುಟ್ಟದಿರುವುದರಿಂದ ಮುಂದಿನ ಸ್ಥಾನಕ್ಕೆ ಒಯ್ಯಬೇಕಾದುದು ಏನೂ ಇಲ್ಲ. ಹತ್ತರ ಬದಲು ಏಳನ್ನಾಗಲಿ ಅದಕ್ಕೂ ದೊಡ್ಡ ಸಂಖ್ಯೆಯನ್ನಾಗಲಿ ಆಧಾರವಾಗಿಟ್ಟುಕೊಂಡರೂ ಇದೇ ಅಂಕಪಂಕ್ತಿ ದೊರೆಯುತ್ತದೆ. ಆದುದರಿಂದ ಈ ಸೌಂದರ್ಯವು ಸ್ಥಾನಮೌಲ್ಯ ಪದ್ಧತಿಗೆ ಸೇರಿದ್ದು. ಹತ್ತು ಒಂದುಗಳನ್ನು ಬರೆದು ವರ್ಗಿಸಿದರೆ ೧೨೩೪೫೬೭೯೦೦೯೮೭೬೫೪೩೨೧ ಬಂದು, ಹಾರವು ಕಡಿದುಹೋಗುತ್ತದೆ.

ಇನ್ನು ಅದರ ಅಪವರ್ತನಗಳು. ಇವು ಬರೆಯುವ ಕ್ರಮವನ್ನು ಅವಲಂಬಿಸಿಲ್ಲ. ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಬರುವುದರಿಂದ ಭಾಜಕಗಳು ೨೪೩ ಆಗುತ್ತವೆ. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಅದನ್ನು ೧೨೨ ರೀತಿಗಳಲ್ಲಿ ಬರೆಯಬಹುದು. ಇವುಗಳಲ್ಲಿ ಎರಡೂ ವರ್ಗಸಂಖ್ಯೆಗಳಾಗಿರುವುದು ೧೬ರಲ್ಲಿ ಮಾತ್ರ. ಆಚಾರ್ಯನು ಆರಿಸಿಕೊಂಡಿರುವುದು ಈ ಹದಿನಾರರಲ್ಲಿ ಒಂದನ್ನು: ೪೪೧ ಎಂಬುದು ೨೧ರ ವರ್ಗ, ೨೭೯೯೪೬೮೧ ಎಂಬುದು ೫೨೯೧ರ ವರ್ಗ, ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧.

ಈ ಆಯ್ಕೆ ಆಕಸ್ಮಿಕವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆಚಾರ್ಯನು ೧೧೧೧೧೧ನ್ನು ಎರಡಾಗಿ ಒಡೆದು, ಒಂದೊಂದನ್ನೂ ವರ್ಗಿಸಿ, ಉತ್ತರದಿಂದ ಪ್ರಶ್ನೆಯನ್ನು ಕಟ್ಟಿರಬೇಕು. ಆದರೆ ಇದು ಅನುಮಾನವೇ ಹೊರತು ಪ್ರಮಾಣವಲ್ಲ. ೧೩೯ನ್ನು ೧೦೯ರಿಂದ ಗುಣಿಸಿ ೧೫೧೫೧ನ್ನು ಪಡೆಯುವ ಅವನ ಇನ್ನೊಂದು ಉದಾಹರಣೆ ಈ ಅನುಮಾನಕ್ಕೆ ನೆರವಾಗುವುದಿಲ್ಲ; ಅಲ್ಲಿ ಎರಡೂ ಅವಿಭಾಜ್ಯಗಳಾದುದರಿಂದ, ಒಂದರಿಂದ ಗುಣಿಸುವುದನ್ನು ಬಿಟ್ಟರೆ ಬೇರೆ ಆಯ್ಕೆಗೆ ಅವಕಾಶವೇ ಇರಲಿಲ್ಲ. ಸಾಮಾನ್ಯ ಸೂತ್ರವೊಂದನ್ನು ಅವನು ಬಲ್ಲನೆಂದು ಇಷ್ಟರಿಂದ ಸಾಧಿಸಲಾಗದು.

ವಿನೋದವೆಂಬ ಮಾತೂ ಸಾಲದು. ಗುಣಾಕಾರವನ್ನು ಕಲಿಯುವವನಿಗೆ ಇಂಥ ಉತ್ತರವೇ ಪರೀಕ್ಷಕ: ನಡುವಿನದನ್ನು ಬಿಟ್ಟು ಬೇರೆ ಯಾವ ಒಂದು ಅಂಕಿ ತಪ್ಪಿದರೂ ಹಾರದ ಸಮತೆ ಕೆಡುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಪ್ರಾಚೀನ ಗಣಿತದ ಹಿರಿಮೆಯನ್ನು ಕುರಿತು ಭಾಷಣ ಮಾಡುವುದಕ್ಕೆ ಮೊದಲು ಅಧ್ಯಾಪಕರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ, ೪೪೧ನ್ನೇ ಏಕೆ ಆರಿಸಿಕೊಂಡನೆಂದು ವಿದ್ಯಾರ್ಥಿಗಳನ್ನು ಕೇಳುವುದು ಒಳ್ಳೆಯದು. ಗ್ರಂಥಕ್ಕೆ ಸಲ್ಲಬೇಕಾದ ಗೌರವ ಆ ಪ್ರಶ್ನೆಯಿಂದಲೇ ಸಲ್ಲುತ್ತದೆ.