ಮೂರು ಬಿಟ್‌ಗಳ ಜಾಣ್ಮೆ

ಮೊದಲ ರಾಸ್ಪ್‌ಬೆರಿ ಪೈನ ಬಿಸಿಎಂ2835 ಚಿಪ್‌ನಲ್ಲಿ ಮೆಚ್ಚಬೇಕಾದದ್ದು ವೇಗವಲ್ಲ, ಪಿನ್‌ಗಳ ಮಿತವ್ಯಯ. ಅದರ 54 ಜಿಪಿಐಒ (ಸಾಮಾನ್ಯ ಬಳಕೆಯ ಇನ್‌ಪುಟ್-ಔಟ್‌ಪುಟ್) ಪಿನ್‌ಗಳಲ್ಲಿ ಪ್ರತಿಯೊಂದಕ್ಕೂ ಮೂರೇ ಬಿಟ್. ಅಷ್ಟರಲ್ಲೇ ಎಂಟು ಆಯ್ಕೆ. ಜಿಪಿಐಒ 14ಕ್ಕೆ 000 ಬರೆದರೆ ಇನ್‌ಪುಟ್, 001 ಬರೆದರೆ ಔಟ್‌ಪುಟ್, 100 ಬರೆದರೆ ಅದೇ ತಂತಿಯಲ್ಲಿ ಸೀರಿಯಲ್ ದತ್ತಾಂಶ ಹೊರಡುತ್ತದೆ. ಬೆಸುಗೆ ಬೇಡ, ಜಂಪರ್ ಬೇಡ. ಪ್ರತಿ ಕೆಲಸಕ್ಕೂ ಬೇರೆ ಪಿನ್ ಕೊಡಹೊರಟಿದ್ದರೆ ಇಷ್ಟು ಪುಟ್ಟ, ಅಗ್ಗದ ಬೋರ್ಡ್ ಎಲ್ಲಿಂದ ಬರಬೇಕಿತ್ತು?

ತಪ್ಪು ಕೋಡ್ ಪಿನ್ನನ್ನೇ ಸುಟ್ಟೀತು ಎಂಬ ಆಕ್ಷೇಪ ಸುಳ್ಳಲ್ಲ. ಎದುರಿನ ಸಾಧನವೂ ಔಟ್‌ಪುಟ್ ಆಗಿದ್ದರೆ ಎರಡೂ ಜಗ್ಗಾಡುತ್ತವೆ. ಆದರೆ ರೀಸೆಟ್ ಆದೊಡನೆ ಪಿನ್‌ಗಳು ಇನ್‌ಪುಟ್ ಆಗಿಯೇ ಏಳುತ್ತವೆ. ಲಿನಕ್ಸ್‌ನ ಪಿನ್‌ಕಂಟ್ರೋಲ್ ವ್ಯವಸ್ಥೆಯೂ ಒಂದು ಡ್ರೈವರ್ ಹಿಡಿದ ಪಿನ್ನನ್ನು ಸಾಮಾನ್ಯವಾಗಿ ಇನ್ನೊಂದಕ್ಕೆ ಬಿಟ್ಟುಕೊಡುವುದಿಲ್ಲ. ಈ ಬಿಟ್‌ಗಳಿರುವ ರಿಜಿಸ್ಟರ್‌ಗೆ ನೇರ ಕೈಹಾಕುವವರಿಗೆ ಮಾತ್ರ ಈ ಕಾವಲಿಲ್ಲ. ಅವರು ಹಳೆಯ ಮೌಲ್ಯ ಓದಿಕೊಂಡು ಬೇಕಾದ ಮೂರು ಬಿಟ್ ಮಾತ್ರ ಬದಲಿಸಲಿ: ಅದೇ ರಿಜಿಸ್ಟರ್‌ನಲ್ಲಿ ಸಾಮಾನ್ಯವಾಗಿ ಇನ್ನೂ ಒಂಬತ್ತು ಪಿನ್‌ಗಳ ಆಯ್ಕೆ ಕೂತಿರುತ್ತದೆ.